ಪದವಿಯ ಮೇಲೊಂದು ವರ್ಷ

1952ರಲ್ಲಿ ಅಮೆರಿಕದ ಫಾರ್ಮಸಿಸ್ಟರ ಸಂಘ ತನ್ನ ಸದಸ್ಯರಿಗೆ ಹೊಸ ನೀತಿಸಂಹಿತೆಯೊಂದನ್ನು ಕೊಟ್ಟಿತು. ಅದರಲ್ಲಿದ್ದ ಒಂದು ಕಟ್ಟಳೆಯನ್ನು ಈಗ ಓದಿದರೆ ನಂಬುವುದೇ ಕಷ್ಟ. ವೈದ್ಯರು ಬರೆದುಕೊಟ್ಟ ಔಷಧದಲ್ಲಿ ಏನೇನಿದೆ, ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಫಾರ್ಮಸಿಸ್ಟ್ ರೋಗಿಯ ಜೊತೆ ಮಾತಾಡಕೂಡದು. ಯಾರಾದರೂ ಕೇಳಿದರೆ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ ಎಂದು ಹೇಳಿ ಕಳಿಸಬೇಕು. ನಾಲ್ಕು ವರ್ಷ ಔಷಧವನ್ನೇ ಓದಿಕೊಂಡು ಬಂದವರ ಬಾಯಿಗೆ ಅವರ ಸಂಘವೇ ಬೀಗ ಹಾಕಿತ್ತು. ಈ ಮಾತು ನೀತಿಸಂಹಿತೆಯಿಂದ ಹೊರಬೀಳಲು 1969ರವರೆಗೆ ಕಾಯಬೇಕಾಯಿತು.

ಇಂದು ಅದೇ ದೇಶದಲ್ಲಿ ಫಾರ್ಮಸಿ ಓದಿದ ಹುಡುಗ ಹುಡುಗಿಯರು ಕೊನೆಯ ವರ್ಷದ ಚಳಿಗಾಲವನ್ನೆಲ್ಲ ರೆಸಿಡೆನ್ಸಿಗೆ ಅರ್ಜಿ ಹಾಕುವುದರಲ್ಲಿ ಕಳೆಯುತ್ತಾರೆ. ರೆಸಿಡೆನ್ಸಿ ಎಂದರೆ ಪದವಿ ಮುಗಿದ ಮೇಲೆ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ, ಬೇಕೆಂದವರಿಗೆ ಎರಡು ವರ್ಷ, ಅರ್ಧಕ್ಕಿಂತ ಕಡಿಮೆ ಸಂಬಳದಲ್ಲಿ ದುಡಿಯುತ್ತ ಕಲಿಯುವುದು. ಕಲಿಯುವುದು ಏನನ್ನು? ಯಾವುದನ್ನು ಮಾತಾಡಬಾರದು ಎಂದು 1952ರಲ್ಲಿ ಬರೆದಿಟ್ಟಿದ್ದರೋ ಅದನ್ನೇ. ಈ ತಿರುವಿಗೆ ಕಾರಣವಾದವರು ಕಾಲೇಜಿನವರೂ ಅಲ್ಲ, ಕಾನೂನು ಮಾಡುವವರೂ ಅಲ್ಲ. ಅದನ್ನು ತಂದದ್ದು ಆಸ್ಪತ್ರೆಗಳು. ಅದೂ ತಮಗೇ ಆಳು ಸಾಲದೆ ಬಂದಾಗ.

ಮೊದಲ ಹೆಜ್ಜೆ ಬಿದ್ದದ್ದು ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಫಾರ್ಮಸಿಯ ಹೊಣೆ ಹೊತ್ತಿದ್ದ ಹಾರ್ವೆ ವಿಟ್ನಿ 1927ರಲ್ಲಿ ಹೊಸ ಪದವೀಧರರನ್ನು ಇಂಟರ್ನ್‌ಗಳಾಗಿ ಸೇರಿಸಿಕೊಳ್ಳಲು ಶುರುಮಾಡಿದರು. ಆಗಿನ ಅಮೆರಿಕದಲ್ಲಿ ಫಾರ್ಮಸಿಸ್ಟ್ ಎಂದರೆ ಬೀದಿಯ ಔಷಧ ಅಂಗಡಿಯವನು. ಕಾಲೇಜುಗಳು ತಯಾರು ಮಾಡುತ್ತಿದ್ದದ್ದೂ ಆ ಅಂಗಡಿಗಾಗಿಯೇ. ಆಸ್ಪತ್ರೆಯ ಫಾರ್ಮಸಿಯಲ್ಲಿನ ಕೆಲಸ ಬೇರೆಯೇ ಆಗಿತ್ತು: ನೂರಾರು ಹಾಸಿಗೆಗಳಿಗೆ ಬೇಕಾಗುವ ಟಿಂಕ್ಚರು, ಮುಲಾಮು, ಸಲೈನು ತಯಾರಿಸುವುದು, ದಾಸ್ತಾನಿನ ಲೆಕ್ಕ ಇಡುವುದು, ಯಾವ ಔಷಧ ಇಟ್ಟುಕೊಳ್ಳಬೇಕು ಯಾವುದು ಬೇಡ ಎಂದು ವೈದ್ಯರ ಜೊತೆ ಕೂತು ತೀರ್ಮಾನಿಸುವುದು. ಇದನ್ನು ಯಾವ ಪಠ್ಯದಲ್ಲೂ ಹೇಳಿಕೊಡುತ್ತಿರಲಿಲ್ಲ. ಕಲಿಸುವ ಜಾಗ ಇಲ್ಲದಿದ್ದರಿಂದ ವಿಟ್ನಿ ತಮ್ಮ ಫಾರ್ಮಸಿಯನ್ನೇ ಪಾಠಶಾಲೆ ಮಾಡಿಕೊಂಡರು.

ಆ ಕಾಲದ ಇನ್ನೊಂದು ಸಂಗತಿಯೂ ಅವರ ನೆರವಿಗೆ ಬಂದಿತ್ತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಆದರೆ ಆಲ್ಕೋಹಾಲ್ ಇಲ್ಲದೆ ಟಿಂಕ್ಚರ್ ಆಗುವುದಿಲ್ಲ; ವೈದ್ಯರೂ ಔಷಧವೆಂದು ಮದ್ಯ ಬರೆದುಕೊಡುತ್ತಿದ್ದರು. ಆ ಆಲ್ಕೋಹಾಲಿಗೆ ಲೆಕ್ಕ ಒಪ್ಪಿಸುವ ನಂಬಿಕಸ್ಥರೊಬ್ಬರು ಆಸ್ಪತ್ರೆಗೆ ಬೇಕಾದರು. ಅಲ್ಲಿಯವರೆಗೆ ನರ್ಸಿನ ಕೈಯಲ್ಲೋ ಉಗ್ರಾಣದವರ ಕೈಯಲ್ಲೋ ಔಷಧದ ಬೀರು ಬಿಟ್ಟಿದ್ದ ಎಷ್ಟೋ ಆಸ್ಪತ್ರೆಗಳು ಆಗ ಫಾರ್ಮಸಿಸ್ಟರನ್ನು ನೇಮಿಸಿಕೊಂಡವು. ಒಂದು ವೃತ್ತಿ ಬೆಳೆಯುವುದಕ್ಕೆ ಕಾರಣಗಳು ಎಲ್ಲೆಲ್ಲಿಂದಲೋ ಬರುತ್ತವೆ. ಈ ವೃತ್ತಿಯ ವಿಷಯದಲ್ಲಿ ಅಬಕಾರಿ ಕಾನೂನಿನಿಂದಲೂ ಬಂತು.

1942ರಲ್ಲಿ ಆಸ್ಪತ್ರೆ ಫಾರ್ಮಸಿಸ್ಟರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಾಗ ವಿಟ್ನಿಯವರೇ ಅದರ ಮೊದಲ ಅಧ್ಯಕ್ಷರಾದರು. ಇಂಗ್ಲಿಷ್ ಅಕ್ಷರಗಳಲ್ಲಿ ಎಎಸ್‌ಎಚ್‌ಪಿ ಎಂದು ಕರೆಯುವ ಆ ಸಂಘ 1948ರಲ್ಲಿ ಇಂಟರ್ನ್‌ಶಿಪ್ ಹೇಗಿರಬೇಕು ಎಂದು ಮೊದಲ ಬಾರಿ ನಿಯಮ ಬರೆಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಇಂಟರ್ನ್‌ಶಿಪ್ ಹೋಗಿ ರೆಸಿಡೆನ್ಸಿ ಆಯಿತು. ಆಸ್ಪತ್ರೆಗಳಿಗೆ ಹೋಗಿ ನೋಡಿ, ಇಲ್ಲಿನ ತರಬೇತಿ ಸರಿಯಿದೆ ಎಂದು ಮುದ್ರೆ ಒತ್ತುವ ಮಾನ್ಯತೆಯ ಪದ್ಧತಿಯೂ ಆಗಲೇ ಶುರುವಾಯಿತು. ಆದರೂ ಅಲ್ಲಿಯವರೆಗಿನ ಕಲಿಕೆಯೆಲ್ಲ ಬಹುಪಾಲು ಫಾರ್ಮಸಿಯ ನಾಲ್ಕು ಗೋಡೆಯ ಒಳಗಿನದು. ರೋಗಿಯ ಮುಖ ಕಾಣುವುದು ಅಪರೂಪ.

ಆ ಗೋಡೆ ದಾಟಿದ್ದು 1966ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಫಿಟ್ ಆಸ್ಪತ್ರೆಯ ಒಂಬತ್ತನೆಯ ಮಹಡಿಯಲ್ಲಿ, ವಾರ್ಡಿನ ಪಕ್ಕದಲ್ಲೇ ಸಣ್ಣದೊಂದು ಫಾರ್ಮಸಿ ತೆರೆದು, ಹಗಲೂ ರಾತ್ರಿ ಫಾರ್ಮಸಿಸ್ಟರನ್ನು ಅಲ್ಲಿ ಕೂರಿಸಿದರು. ಕೆಳಗಿನ ಮುಖ್ಯ ಫಾರ್ಮಸಿಗೆ ಚೀಟಿ ಹೋಗಿ ಬಾಟಲಿ ಬರುವ ವ್ಯವಸ್ಥೆಯ ಬದಲು, ಫಾರ್ಮಸಿಸ್ಟ್ ತಾನೇ ರೋಗಿಯ ಚಾರ್ಟ್ ನೋಡುವ, ವೈದ್ಯರ ಜೊತೆ ರೌಂಡ್ಸಿಗೆ ಹೋಗುವ, ನರ್ಸಿನ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡುವ ವ್ಯವಸ್ಥೆ ಅದು. 'ಒಂಬತ್ತನೆಯ ಮಹಡಿಯ ಪ್ರಯೋಗ' ಎಂದೇ ಅದು ಹೆಸರಾಯಿತು. ಇದಕ್ಕೆ ಕೆಲವು ವರ್ಷ ಮೊದಲು, 1962ರಲ್ಲಿ, ಕೆಂಟಕಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುವುದಕ್ಕೆಂದೇ ಔಷಧ ಮಾಹಿತಿ ಕೇಂದ್ರ ತೆರೆದಿತ್ತು. ಕ್ಲಿನಿಕಲ್ ಫಾರ್ಮಸಿ ಎಂದು ನಾವೀಗ ಕರೆಯುವುದರ ಬೇರು ಈ ಎರಡು ಕಡೆ ಇದೆ. ಮಾತಾಡಬೇಡಿ ಎಂಬ ಕಟ್ಟಳೆ ಪುಸ್ತಕದಲ್ಲಿ ಇರುವಾಗಲೇ ಇಲ್ಲಿ ಫಾರ್ಮಸಿಸ್ಟರು ಹಾಸಿಗೆಯ ಪಕ್ಕ ನಿಂತು ಮಾತಾಡುತ್ತಿದ್ದರು.

ವಾರ್ಡಿಗೆ ಹೋದ ಮೇಲೆ ಬೇಕಾಗುವ ಜ್ಞಾನ ಎಂಥದು ಎಂಬುದಕ್ಕೆ ರೆಸಿಡೆನ್ಸಿ ಸಂದರ್ಶನಗಳಲ್ಲಿ ಕೊಡುವ ಬಗೆಯ ಒಂದು ಪ್ರಶ್ನೆ ನೋಡಬಹುದು. ಎಪ್ಪತ್ತು ದಾಟಿದ ಅಜ್ಜಿ. ಹೃದಯದ ಬಡಿತ ಏರುಪೇರು. ರಕ್ತ ಹೆಪ್ಪುಗಟ್ಟದಿರಲೆಂದು ವರ್ಷಗಳಿಂದ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ಈಗ ಮೂತ್ರದ ಸೋಂಕು. ವೈದ್ಯರು ಕೋಟ್ರೈಮಾಕ್ಸಜೋಲ್ ಬರೆದಿದ್ದಾರೆ. ಚೀಟಿ ಸರಿಯಾಗಿದೆ, ಡೋಸೂ ಸರಿಯಾಗಿದೆ. ಅಂಗಡಿಯಲ್ಲಿ ಕೊಟ್ಟು ಕಳಿಸಬಹುದು. ಆದರೆ ಈ ಸಲ್ಫಾ ಔಷಧ ವಾರ್ಫರಿನ್ ದೇಹದಲ್ಲಿ ಕರಗಿಹೋಗುವುದನ್ನು ತಡೆಯುತ್ತದೆ. ನಾಲ್ಕೈದು ದಿನದಲ್ಲಿ ರಕ್ತ ಅತಿಯಾಗಿ ತೆಳುವಾಗಿ, ಒಸಡಿನಿಂದಲೋ ಕರುಳಿನಿಂದಲೋ ಸೋರತೊಡಗಬಹುದು. ಅರ್ಜಿ ಹಾಕಿದ ಹುಡುಗಿ ಅರ್ಧ ಗಂಟೆಯಲ್ಲಿ ಇದನ್ನು ಗುರುತಿಸಬೇಕು. ಬದಲಿಗೆ ಯಾವ ಔಷಧ ಎಂದು ಹೇಳಬೇಕು. ಅಜ್ಜಿಯ ಮೂತ್ರಪಿಂಡ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ಲೆಕ್ಕ ಹಾಕಬೇಕು. ಬದಲಿಸಲಾಗದಿದ್ದರೆ ರಕ್ತಪರೀಕ್ಷೆ ಯಾವ ದಿನ ಮಾಡಿಸಬೇಕೆಂದೂ ಹೇಳಬೇಕು. ಪುಸ್ತಕದಲ್ಲಿ ಇವೆಲ್ಲ ಇವೆ. ಆದರೆ ಎದುರಿಗೆ ರೋಗಿ, ಪಕ್ಕದಲ್ಲಿ ಅವಸರದ ವೈದ್ಯರು ಇರುವಾಗ ಇವೆಲ್ಲ ಒಟ್ಟಿಗೆ ನೆನಪಾಗಬೇಕಾದರೆ ವಾರ್ಡಿನಲ್ಲಿ ಕಾಲು ಸವೆಸಿರಬೇಕು. ರೆಸಿಡೆನ್ಸಿಯ ಆ ಒಂದು ವರ್ಷ ಇರುವುದು ಇದಕ್ಕಾಗಿ.

ಇಂಥ ಜಾಗಕ್ಕೆ ಕೇಳುವವರು ಹೆಚ್ಚಾದಾಗ ಹಂಚುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ವೈದ್ಯರು ಈ ಕಷ್ಟವನ್ನು ಮೊದಲೇ ಉಂಡಿದ್ದರು. 1940ರ ದಶಕದಲ್ಲಿ ಆಸ್ಪತ್ರೆಗಳು ಒಳ್ಳೆಯ ವಿದ್ಯಾರ್ಥಿಗಳನ್ನು ಬೇರೆಯವರಿಗಿಂತ ಮುಂಚೆ ಹಿಡಿಯಲು ಹೋಗಿ, ಪದವಿಗೆ ಎರಡು ವರ್ಷ ಇರುವಾಗಲೇ ಇಂಟರ್ನ್‌ಶಿಪ್ ಕೊಡುವ ಸ್ಥಿತಿಗೆ ಬಂದಿದ್ದವು. ದಿನಾಂಕ ಕಟ್ಟುಮಾಡಿದ ಮೇಲೆ ಇನ್ನೊಂದು ತೊಂದರೆ: ಟೆಲಿಗ್ರಾಂ ಬಂದ ಕೆಲವೇ ಗಂಟೆಗಳಲ್ಲಿ ಹೂಂ ಅಥವಾ ಊಹೂಂ ಅನ್ನಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1952ರಲ್ಲಿ ವೈದ್ಯರಿಗೆ 'ಮ್ಯಾಚ್' ಬಂತು. ಫಾರ್ಮಸಿಯವರು 1970ರ ದಶಕದ ಕೊನೆಯಲ್ಲಿ ಅದೇ ಪದ್ಧತಿಯನ್ನು ತಮ್ಮದಾಗಿಸಿಕೊಂಡರು.

ನಮ್ಮಲ್ಲಿ ಸಿಇಟಿ ಬರೆದವರಿಗೆ ಇದರ ಅರ್ಧ ಗೊತ್ತಿರುತ್ತದೆ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವ ಹಾಗೆ ಅಲ್ಲಿನ ಅಭ್ಯರ್ಥಿಯೂ ಆಸ್ಪತ್ರೆಗಳ ಪಟ್ಟಿ ಬರೆದುಕೊಡುತ್ತಾನೆ. ವ್ಯತ್ಯಾಸ ಇರುವುದು ಆಚೆ ಕಡೆ. ಸಿಇಟಿಯಲ್ಲಿ ಎಲ್ಲರಿಗೂ ಒಂದೇ ರ್‍ಯಾಂಕು. ಮ್ಯಾಚ್‌ನಲ್ಲಿ ಪ್ರತಿ ಆಸ್ಪತ್ರೆಯೂ ತಾನು ಸಂದರ್ಶಿಸಿದವರಿಗೆ ತನ್ನದೇ ಕ್ರಮಾಂಕ ಕೊಡುತ್ತದೆ. ಕಂಪ್ಯೂಟರ್ ಮೊದಲು ಅಭ್ಯರ್ಥಿಯನ್ನು ಅವನ ಮೊದಲ ಆಯ್ಕೆಯ ಆಸ್ಪತ್ರೆಯ ಬಾಗಿಲಿಗೆ ಕಳಿಸುತ್ತದೆ. ಅಲ್ಲಿ ಜಾಗವಿದ್ದರೆ ಆಸ್ಪತ್ರೆ ಅವನನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ. ತನ್ನ ಪಟ್ಟಿಯಲ್ಲಿ ಅವನಿಗಿಂತ ಮೇಲಿರುವವರು ಬಂದರೆ ಬಿಟ್ಟುಕೊಡುತ್ತದೆ. ಆಗ ಅವನು ಎರಡನೆಯ ಆಯ್ಕೆಗೆ ಹೋಗುತ್ತಾನೆ. ಯಾರೂ ಕದಲದ ಸ್ಥಿತಿ ಬರುವವರೆಗೆ ಇದು ನಡೆಯುತ್ತದೆ. ಬಂದ ಫಲಿತಾಂಶಕ್ಕೆ ಇಬ್ಬರೂ ಬದ್ಧರು. ಇದರ ಗಣಿತವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಬರೆದಿಟ್ಟರು. ವೈದ್ಯರ ಮ್ಯಾಚ್ ಅದೇ ಜಾಡಿನಲ್ಲಿದೆ ಎಂದು ಆಲ್ವಿನ್ ರಾತ್ 1984ರಲ್ಲಿ ತೋರಿಸಿದರು. ಶೇಪ್ಲಿ ಮತ್ತು ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಈ ಪದ್ಧತಿಯ ನಿಜವಾದ ಗುಣ ಅಭ್ಯರ್ಥಿಗೆ ಸಿಗುವ ಧೈರ್ಯ. ದೊಡ್ಡ ಆಸ್ಪತ್ರೆಯನ್ನು ಮೊದಲು ಬರೆದರೆ ಸಣ್ಣದು ಕೈತಪ್ಪೀತೇ ಎಂದು ಹೆದರಬೇಕಾಗಿಲ್ಲ; ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಆದರೆ ಹಂಚುವ ಕ್ರಮ ಎಷ್ಟು ನೆಟ್ಟಗಿದ್ದರೂ ಹಂಚಬೇಕಾದ್ದೇ ಕಡಿಮೆಯಿದ್ದರೆ ಏನು ಮಾಡುವುದು? ಇಲ್ಲಿಂದ ಕಥೆ ಸ್ವಲ್ಪ ಕಹಿಯಾಗುತ್ತದೆ. ಫಾರ್ಮ್-ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಪದವಿಯನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1950ರಲ್ಲೇ ಶುರುಮಾಡಿತ್ತು. 2000ದ ನಂತರ ಫಾರ್ಮಸಿಸ್ಟ್ ಆಗಲು ಹೊಸದಾಗಿ ಸೇರುವವರಿಗೆ ಅದೊಂದೇ ದಾರಿ ಎಂದಾಯಿತು. ಅದೇ ಹೊತ್ತಿಗೆ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದವು: 2000ದ ಸುಮಾರಿಗೆ 80ರಷ್ಟಿದ್ದವು ಎರಡು ದಶಕದೊಳಗೆ 140ನ್ನು ದಾಟಿದವು. 2007ರಲ್ಲಿ ಎಎಸ್‌ಎಚ್‌ಪಿ, ರೋಗಿಯ ನೇರ ಆರೈಕೆಗೆ ಇಳಿಯುವ ಹೊಸ ಪದವೀಧರರು 2020ರ ಹೊತ್ತಿಗೆ ರೆಸಿಡೆನ್ಸಿ ಮುಗಿಸಿರಬೇಕು ಎಂಬ ಗುರಿ ಇಟ್ಟಿತು. ಗುರಿ ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ದುಡ್ಡಿನ ಒಂದು ನಲ್ಲಿಯನ್ನು ಸರ್ಕಾರ 2003ರಲ್ಲೇ ಬಿಗಿಮಾಡಿತ್ತು. ಮೊದಲ ವರ್ಷದ ರೆಸಿಡೆನ್ಸಿಗೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನು ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಗಳಿಗೆ ತುಂಬಿಕೊಡುತ್ತದೆ. ಎರಡನೆಯ ವರ್ಷದ ವಿಶೇಷ ತರಬೇತಿಗೆ ಕೊಡುವುದನ್ನು ಅದು ಆ ವರ್ಷ ನಿಲ್ಲಿಸಿತು. 2010ರ ದಶಕದ ಹಲವು ವರ್ಷಗಳಲ್ಲಿ ಮೊದಲ ವರ್ಷದ ರೆಸಿಡೆನ್ಸಿ ಬಯಸಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೊದಲ ಸುತ್ತಿನ ಮ್ಯಾಚ್‌ನಲ್ಲಿ ಬರಿಗೈಯಲ್ಲಿ ಉಳಿದರು. ಫಲಿತಾಂಶದ ದಿನ ಜಾಗ ಸಿಗದವರು ಖಾಲಿ ಉಳಿದ ಆಸ್ಪತ್ರೆಗಳಿಗೆ ಫೋನ್ ಮೇಲೆ ಫೋನ್ ಮಾಡುವ ನೂಕುನುಗ್ಗಲನ್ನು ತಪ್ಪಿಸಲು 2016ರಿಂದ ಎರಡನೆಯ ಸುತ್ತು ಬಂದಿದೆ.

ಅರ್ಜಿಯ ಸ್ವರೂಪವೂ ಈ ಒತ್ತಡದಲ್ಲಿ ಬದಲಾಯಿತು. ಹಿಂದೆ ಒಂದೊಂದು ಆಸ್ಪತ್ರೆಗೂ ಬೇರೆ ಬೇರೆ ಲಕೋಟೆ ಹೋಗುತ್ತಿತ್ತು. 2012ರಲ್ಲಿ ಫೋರ್ಕಾಸ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಅಂಕಪಟ್ಟಿ, ಬಯೋಡೇಟಾ, ಉದ್ದೇಶ ಪತ್ರ, ಮೂವರ ಶಿಫಾರಸು ಎಲ್ಲ ಒಂದೇ ಕಡೆ. ಕಳಿಸುವುದು ಸುಲಭವಾದದ್ದರಿಂದ ಒಬ್ಬೊಬ್ಬರು ಕಳಿಸುವ ಅರ್ಜಿಗಳೂ ಹೆಚ್ಚಿದವು; ಓದುವವರ ಮೇಜಿನ ಮೇಲಿನ ರಾಶಿಯೂ ಬೆಳೆಯಿತು. ಡಿಸೆಂಬರಿನಲ್ಲಿ ಎಎಸ್‌ಎಚ್‌ಪಿ ನಡೆಸುವ ಮಿಡ್‌ಇಯರ್ ಸಮ್ಮೇಳನಕ್ಕೆ 20,000ಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಅಲ್ಲಿ ಒಂದು ವಿಶಾಲ ಸಭಾಂಗಣದ ತುಂಬ ಸಾಲು ಸಾಲು ಮೇಜು, ಪ್ರತಿ ಮೇಜಿಗೂ ಒಂದು ಆಸ್ಪತ್ರೆಯ ಹೆಸರು, ಮುಂದೆ ಕಪ್ಪು ಸೂಟು ತೊಟ್ಟ ವಿದ್ಯಾರ್ಥಿಗಳ ಸರದಿ. ಒಂದೊಂದು ಮೇಜಿನ ಮುಂದೆ ಸಿಗುವುದು ಕೆಲವೇ ನಿಮಿಷ. ಜನವರಿಯೊಳಗೆ ಅರ್ಜಿ, ಫೆಬ್ರವರಿಯಲ್ಲಿ ಸಂದರ್ಶನ, ಮಾರ್ಚ್‌ನಲ್ಲಿ ಫಲಿತಾಂಶ. ವಿಮಾನ, ಹೋಟೆಲು, ನೋಂದಣಿ ಎಂದು ಆಗುವ ಖರ್ಚು ವಿದ್ಯಾರ್ಥಿಯ ತಲೆಗೇ. ಸಾಲ ಮಾಡಿ ಓದಿದವರಿಗೆ ಇದು ಇನ್ನೊಂದು ಸಾಲ. ಕೋವಿಡ್ ಕಾಲದಲ್ಲಿ ಸಂದರ್ಶನಗಳು ಆನ್‌ಲೈನ್ ಆದದ್ದು ಈ ಒಂದು ವಿಷಯದಲ್ಲಿ ಬಡವರ ಮಕ್ಕಳಿಗೆ ಒಳ್ಳೆಯದೇ ಮಾಡಿತು.

ಪದವಿಯ ಮೇಲಿನ ಇನ್ನೊಂದು ತರಬೇತಿಯಾದ ಫೆಲೋಶಿಪ್‌ನ ದಾರಿ ಬೇರೆ. ಅದು ಮೊದಲಿಗೆ ಸಂಶೋಧಕರನ್ನು ತಯಾರು ಮಾಡಲು ಹುಟ್ಟಿದ್ದು: ಅನುಭವಿಯೊಬ್ಬರ ಕೈಕೆಳಗೆ ಎರಡು ವರ್ಷ ಕೂತು, ಔಷಧ ರಕ್ತದಲ್ಲಿ ಏರಿಳಿಯುವ ಬಗೆಯನ್ನೋ ಹೊಸ ಚಿಕಿತ್ಸೆಯನ್ನೋ ಅಧ್ಯಯನ ಮಾಡುವುದು. 1984ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ಔಷಧ ಕಂಪನಿಗಳ ಜೊತೆ ಸೇರಿ ಇನ್ನೊಂದು ಬಾಗಿಲು ತೆರೆಯಿತು. ಜಾನ್ಸನ್ ಅಂಡ್ ಜಾನ್ಸನ್, ಮರ್ಕ್‌ನಂಥ ಕಂಪನಿಗಳ ನೆಲೆ ಆ ರಾಜ್ಯ. ಫಾರ್ಮಸಿ ಪದವೀಧರರು ಅಲ್ಲಿ ಕ್ಲಿನಿಕಲ್ ಟ್ರಯಲ್, ಔಷಧದ ಸುರಕ್ಷತೆ, ಸರ್ಕಾರದ ಅನುಮತಿ ಪಡೆಯುವ ಕೆಲಸಗಳನ್ನು ಕಲಿಯತೊಡಗಿದರು. ಕಂಪನಿಯ ಫೆಲೋಶಿಪ್‌ಗಳಿಗೆ ಮ್ಯಾಚ್ ಇಲ್ಲ. ಹಾಗಾಗಿ ವೈದ್ಯರು 1940ರ ದಶಕದಲ್ಲಿ ಪಟ್ಟ ಪಾಡೇ ಅಲ್ಲಿ ಮತ್ತೆ ಕಾಣುತ್ತಿದೆ. ಡಿಸೆಂಬರಿನಲ್ಲಿ ನಡೆಯುತ್ತಿದ್ದ ಸಂದರ್ಶನಗಳನ್ನು ಕೋವಿಡ್ ನಂತರ ಹಲವು ಕಂಪನಿಗಳು ಒಂದೆರಡು ತಿಂಗಳು ಮುಂಚೆಯೇ ಮುಗಿಸತೊಡಗಿವೆ. ಒಬ್ಬರು ಮುಂಚೆ ಕರೆದರೆ ಇನ್ನೊಬ್ಬರು ಅವರಿಗಿಂತ ಮುಂಚೆ ಕರೆಯಬೇಕಾಗುತ್ತದೆ.

ಕರ್ನಾಟಕಕ್ಕೆ ಈ ಚರಿತ್ರೆಯ ಜೊತೆ ಇರುವ ನಂಟು ಮೈಸೂರಿನದು. ಭಾರತದಲ್ಲಿ ಫಾರ್ಮಸಿ ಶಿಕ್ಷಣ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಕೈಯಲ್ಲಿ ಮೊದಲಾದಾಗಿನಿಂದಲೂ ಅದರ ಕಣ್ಣು ಕಾರ್ಖಾನೆಯ ಮೇಲೇ ಇತ್ತು. 1963ರಲ್ಲಿ ಮಣಿಪಾಲದಲ್ಲಿ, 1973ರಲ್ಲಿ ಮೈಸೂರಿನ ಜೆಎಸ್‌ಎಸ್‌ನಲ್ಲಿ ಕಾಲೇಜು ಶುರುವಾದಾಗಲೂ ಬಿ.ಫಾರ್ಮ್ ಮುಗಿಸಿದವರು ಹೋಗುತ್ತಿದ್ದದ್ದು ಮಾತ್ರೆ ತಯಾರಿಸುವ ಕಡೆಗೆ, ಮಾರುವ ಕಡೆಗೆ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಕಿಟಕಿಯೊಳಗಿಂದ ಮಾತ್ರೆ ಎಣಿಸಿ ಕೊಡುತ್ತಿದ್ದರು, ಅಷ್ಟೇ. 1990ರ ದಶಕದ ಎರಡನೆಯ ಅರ್ಧದಲ್ಲಿ ಜೆಎಸ್‌ಎಸ್‌ನ ಮೈಸೂರು ಮತ್ತು ಊಟಿ ಕಾಲೇಜುಗಳು ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎಂ.ಫಾರ್ಮ್ ತೆರೆದವು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟರು ಮೈಸೂರಿಗೆ ನೆರವಾದರು. ಜೆಎಸ್‌ಎಸ್ ಆಸ್ಪತ್ರೆಯ ವಾರ್ಡುಗಳಲ್ಲಿ ಬಿಳಿ ಕೋಟಿನ ಹೊಸಬರು ಚಾರ್ಟ್ ಹಿಡಿದು ರೌಂಡ್ಸಿಗೆ ನಿಂತರು. ಮೈಸೂರಿನ ಜಿ. ಪಾರ್ಥಸಾರಥಿ, ಅಡಿಲೇಡ್‌ನ ಕ್ಯಾರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಅಮೆರಿಕದ ಮಿಲಾಪ್ ನಹಾಟಾ ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿಯ ಪಠ್ಯಪುಸ್ತಕ 2004ರಲ್ಲಿ ಬಂತು. ಭಾರತದ ರೋಗಿಗಳನ್ನು, ಇಲ್ಲಿನ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಪುಸ್ತಕವದು. ಆನ್ ಆರ್ಬರ್‌ನಲ್ಲಿ ಆದ ಹಾಗೆಯೇ ಮೈಸೂರಿನಲ್ಲೂ ವಾರ್ಡಿನ ಕೆಲಸ ಮೊದಲು ಬಂತು, ನಿಯಮ ಆಮೇಲೆ.

ದೇಶದ ಮಟ್ಟದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಯಿತು. 2008ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಆರು ವರ್ಷದ ಫಾರ್ಮ್-ಡಿ ತಂದಿತು. ಐದು ವರ್ಷ ಓದು, ಆರನೆಯದು ಪೂರ್ತಿ ಆಸ್ಪತ್ರೆಯಲ್ಲಿ: ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಕಾಲೇಜಿನ ಜೊತೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯಿರಬೇಕು. ಅಮೆರಿಕದಲ್ಲಿ ಪದವಿಯ ಆಚೆ ಪೈಪೋಟಿ ನಡೆಸಿ ಪಡೆಯಬೇಕಾದ ವರ್ಷವನ್ನು ಇಲ್ಲಿ ಪದವಿಯ ಒಳಗೇ ಇಟ್ಟರು. ವಿದ್ಯಾರ್ಥಿಯ ದೃಷ್ಟಿಯಿಂದ ಇದು ನ್ಯಾಯವಾದ ವ್ಯವಸ್ಥೆ, ಯಾರೂ ಬರಿಗೈಯಲ್ಲಿ ಉಳಿಯುವುದಿಲ್ಲ. ಆದರೆ ಆ ವರ್ಷ ಮುಗಿದ ಮರುದಿನ ಎಲ್ಲಿಗೆ ಹೋಗುವುದು? ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಆಳು ಬೇಕಿತ್ತು, ಅದಕ್ಕೆ ತರಬೇತಿ ಹುಟ್ಟಿತು. ಇಲ್ಲಿ ತರಬೇತಿ ಹುಟ್ಟಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರ ಹುದ್ದೆಗಳು ಆ ಪ್ರಮಾಣದಲ್ಲಿ ಹುಟ್ಟಿಲ್ಲ. ವಾರ್ಡಿನಲ್ಲಿ ವರ್ಷವಿಡೀ ದುಡಿದವರು ಬೆಂಗಳೂರಿನ ಕಂಪನಿಗಳಲ್ಲಿ ಅಡ್ಡಪರಿಣಾಮಗಳ ವರದಿ ನಮೂದಿಸುವ, ವೈದ್ಯಕೀಯ ದಾಖಲೆಗೆ ಕೋಡ್ ಕೊಡುವ ಕೆಲಸ ಹಿಡಿಯುತ್ತಾರೆ. ಅವೂ ಬೇಕಾದ ಕೆಲಸಗಳೇ, ಆದರೆ ಅವರು ಕಲಿತದ್ದು ಬೇರೆ.

ಇನ್ನು ಕೆಲವರ ಕಣ್ಣು ಅಮೆರಿಕದ ಕಡೆಗಿದೆ. ಹಿಂದೆ ನಾಲ್ಕು ವರ್ಷದ ಬಿ.ಫಾರ್ಮ್ ಮುಗಿಸಿದವರೂ ಅಲ್ಲಿನ ಅರ್ಹತಾ ಪರೀಕ್ಷೆಗೆ ಕೂರಬಹುದಿತ್ತು. 2003ರ ಜನವರಿ 1ರ ನಂತರ ಪದವಿ ಪಡೆದವರು ಕನಿಷ್ಠ 5 ವರ್ಷದ ಕೋರ್ಸ್ ಓದಿರಬೇಕೆಂಬ ನಿಯಮ ಬಂದು ಆ ಬಾಗಿಲು ಮುಚ್ಚಿತು. ಆರು ವರ್ಷದ ಫಾರ್ಮ್-ಡಿ ಅದನ್ನು ಮತ್ತೆ ತೆರೆಯಿತು. ಪದವಿ ತಪಾಸಣೆ, ಆ ಅರ್ಹತಾ ಪರೀಕ್ಷೆಯಾದ ಎಫ್‌ಪಿಜಿಇಇ, ಇಂಗ್ಲಿಷ್ ಪರೀಕ್ಷೆ ಟೋಫೆಲ್ ದಾಟಿ ಪ್ರಮಾಣಪತ್ರ ಸಿಕ್ಕರೆ ರೆಸಿಡೆನ್ಸಿಗೆ ಅರ್ಜಿ ಹಾಕುವ ಹಕ್ಕು ಬರುತ್ತದೆ. ಆಮೇಲೆ ವೀಸಾ, ಅದರ ಹೊಣೆ ಹೊರಲು ಹಲವು ಆಸ್ಪತ್ರೆಗಳು ಒಪ್ಪುವುದಿಲ್ಲ. ಅರ್ಜಿ ಹಾಕುವ ಮೊದಲೇ ಒಂದೊಂದು ಆಸ್ಪತ್ರೆಯ ಷರತ್ತನ್ನೂ ಓದಿ ನೋಡುವುದು ಒಳ್ಳೆಯದು. ದುಡ್ಡು ಕಟ್ಟಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ವಿಟ್ನಿ ತರಬೇತಿ ಶುರುಮಾಡಿದಾಗ ಅವರ ಬೆನ್ನಿಗೆ ಕಾಯ್ದೆಯೂ ಇರಲಿಲ್ಲ, ಮಾನ್ಯತೆಯ ಮುದ್ರೆಯೂ ಇರಲಿಲ್ಲ. ಒಂದು ದೊಡ್ಡ ಆಸ್ಪತ್ರೆ, ಕಲಿಸಲು ಒಪ್ಪಿದ ಒಬ್ಬ ಮುಖ್ಯಸ್ಥ, ಕಲಿಯಲು ಬಂದ ಕೆಲವರು ಇದ್ದರು. ಇವಿಷ್ಟೂ ಇಂದು ಮೈಸೂರು, ಮಣಿಪಾಲ, ಬೆಳಗಾವಿ, ಬೆಂಗಳೂರುಗಳಲ್ಲಿ ಇವೆ. ಜಿಲ್ಲಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿಗೆ, ಐಸಿಯುಗೆ, ಮಕ್ಕಳ ವಾರ್ಡಿಗೆ ಒಬ್ಬೊಬ್ಬ ಕ್ಲಿನಿಕಲ್ ಫಾರ್ಮಸಿಸ್ಟರ ಹುದ್ದೆ ಮಂಜೂರು ಮಾಡಿ, ಸಂಬಳ ಕೊಟ್ಟು ಕೂರಿಸುವ ಕೆಲಸವನ್ನು ರಾಜ್ಯದ ಆರೋಗ್ಯ ಇಲಾಖೆ ನಾಲ್ಕೈದು ಜಿಲ್ಲೆಗಳಿಂದ ಶುರುಮಾಡಬಹುದು. ಅರ್ಜಿ ಹಾಕಲು ಆರನೆಯ ವರ್ಷ ಮುಗಿಸಿದವರು ಸಿದ್ಧರಿದ್ದಾರೆ.